ತೊಗರಿಕಾಳು ಬಿದ್ದ ಸದ್ದು

ಪತ್ರಿಕೆಯ ಸಂದರ್ಶನಕ್ಕೆ ಹೊರಡುವ ಮುನ್ನ ದಿನಚರಿಯಲ್ಲಿ ಹನ್ನೊಂದು ಪ್ರಶ್ನೆ ಬರೆದುಕೊಂಡಿದ್ದೇನೆ. ಒಂದನ್ನೂ ಬಾಯಿಬಿಟ್ಟು ಕೇಳಲಾರೆನೇನೋ ಎಂಬ ಅಳುಕನ್ನು ಅದೇ ಪುಟದ ಕೆಳಗೆ ಸಣ್ಣಕ್ಷರದಲ್ಲಿ ಬರೆದಿದ್ದೇನೆ. ನಮ್ಮ ಇಲೊಯ್ಲೊ ಪಟ್ಟಣದಲ್ಲಿ ನನ್ನಂಥವರಿಗೆ ಒಂದು ಅನುಕೂಲವಿದೆ: ಎರಡೂ ಹುಬ್ಬು ಮೇಲೇರಿಸಿದರೆ ಅದೇ ‘ಹೌದು’. ಬಾಯಿಗೆ ಕೆಲಸವಿಲ್ಲ. ಇಪ್ಪತ್ತಮೂರು ವರ್ಷ ಹುಬ್ಬಿನಲ್ಲೇ ಬದುಕಿಬಿಟ್ಟಿದ್ದೇನೆ. ಅಲ್ಲ ಎನ್ನಬೇಕಾದ ಕಡೆಯೂ ಅವು ತಾವಾಗಿಯೇ ಏರುತ್ತವೆ.

ಬೆಳಗಿನ ಐದು ಗಂಟೆ. ಲಾ ಪಾಸ್ ಮಾರುಕಟ್ಟೆಯ ಬಾಚೊಯ್ ಎಂಬ ಶಾವಿಗೆ ಸಾರಿನ ಅಂಗಡಿಗಳಲ್ಲಿ ಮೂಳೆಯ ಸಾರು ಕುದಿಯುತ್ತಿದೆ, ಮಚ್ಚು ಮರದ ಕೊರಡಿನ ಮೇಲೆ ಬೀಳುತ್ತಿದೆ. ಆ ಸಾಲಿನ ಹಿಂದೆ, ಇಬ್ಬರು ಕೂತರೆ ಮೂರನೆಯವರು ನಿಲ್ಲಬೇಕಾದ ಅಂಗಡಿಯಲ್ಲಿ ಐವತ್ತೆಂಟರ ಹೆರ್ಮೀನಿಯಾ ಸುಮಗಾಯ್ಸಾಯ್ ಕಂಪ್ಯೂಟರಿನ ಪರದೆಗೆ ಮೂಗು ತಾಗಿಸಿಕೊಂಡು ಕೂತಿದ್ದಾರೆ. ಮಾರುಕಟ್ಟೆಗೆಲ್ಲ ಇವರು ಮನಾಂಗ್ ಮೀನಿಯಾ, ಮೀನಿಯಾ ಅಕ್ಕ. ಹೆಡ್‌ಫೋನಿನ ಎಡಗಿವಿ ಸತ್ತು ವರ್ಷವಾಗಿದೆ. ಬಲಗಿವಿಯದನ್ನು ಅಂಗೈಯಲ್ಲಿ ಒತ್ತಿ ಹಿಡಿದಿದ್ದಾರೆ.

ಹಡಗಿನಲ್ಲಿ ದುಡಿಯುವ ಗಂಡನಿಗೋ ಮಗನಿಗೋ ಮನೆಯವರು ಫೋನಿನಲ್ಲಿ ವಿಡಿಯೊ ತೆಗೆಯುತ್ತಾರೆ. ಹಡಗಿನ ಊಟದ ಕೋಣೆಯ ಹಳೆಯ ಟಿವಿಗೆ ಆ ಫೈಲು ಒಗ್ಗುವುದಿಲ್ಲ, ಬೇರೆ ಬಗೆಗೆ ಬದಲಾಯಿಸಬೇಕು. ಬದಲಾಯಿಸುವಾಗ ದನಿ ಒಂದು ದಾರಿ, ತುಟಿ ಒಂದು ದಾರಿ ಹಿಡಿಯುತ್ತವೆ. ಎರಡನ್ನೂ ಮತ್ತೆ ಕೂಡಿಸುವುದು ಇವರ ಕಸುಬು. ದಿನಕ್ಕೆ ಹನ್ನೆರಡು ಫೈಲು. ಕ್ರಿಸ್‌ಮಸ್‌ಗೆ ಮುಂಚಿನ ತಿಂಗಳಾದರೆ ನಲವತ್ತು.

“ಏನು ಇಂದಾಯ್, ನೀನು ಪತ್ರಿಕೆಯವಳೋ, ಪೊಲೀಸಿನವಳೋ? ಬಂದಾಗಿಂದ ಸುಮ್ನೆ ನೋಡ್ತಾನೇ ಇದೀಯ,” ಎನ್ನುತ್ತಾರೆ. ಹುಡುಗಿಯರೆಲ್ಲ ಅವರಿಗೆ ಇಂದಾಯ್. ನಾನು ಹುಬ್ಬು ಹಾರಿಸುತ್ತೇನೆ. ಯಾವುದಕ್ಕೆ ಎಂದು ನನಗೂ ತಿಳಿಯದು.

ಕೇಳದೆಯೇ ಅವರೇ ಹೇಳುತ್ತಾರೆ. “ಫೋನು ಚಿತ್ರ ಹಿಡಿಯೋದು ಒಂದೇ ಸಮ ಅಲ್ಲ. ಬೆಳಕು ನೋಡಿ ಒಂದ್ಸಲ ಬೇಗ, ಒಂದ್ಸಲ ನಿಧಾನ. ದನಿ ಮಾತ್ರ ಒಂದೇ ನಡಿಗೆ. ಬದಲಾಯಿಸೋ ಯಂತ್ರ ಎಲ್ಲಾ ಸಮ ಅಂದ್ಕೊಂಡುಬಿಡುತ್ತೆ. ಮೊದಲ್ನೇ ನಿಮಿಷ ಜೊತೇಲೇ ಇರ್ತಾವೆ, ಇಪ್ಪತ್ತನೇ ನಿಮಿಷಕ್ಕೆ ಒಂದು ಮುಂದೆ, ಒಂದು ಹಿಂದೆ. ಗಂಡ ಹೆಂಡ್ತಿ ಮಾರ್ಕೆಟ್ಟಿಗೆ ಹೋದ ಹಾಗೆ.”

ಹಿಂದೆ ಮೀನಿಯಾ ಮದುವೆ ವಿಡಿಯೊದ ಅಂಗಡಿಯಲ್ಲಿ ಕೆಲಸಕ್ಕಿದ್ದರು. ಗಂಡ ನೆಸ್ಟರ್ ಹಡಗಿನ ಎಂಜಿನ್ ಕೋಣೆಯಲ್ಲಿ. ಒಮ್ಮೆ ಮೀನಿಯಾ ತಾವು ಮಾತಾಡಿದ ವಿಡಿಯೊ ಡಿಸ್ಕನ್ನು ಅವರಿಗೆ ಕಳಿಸಿದರು. “ನಿನ್ನ ಬಾಯಿ ಮುಚ್ಚಿದ ಮೇಲೆ ನಿನ್ನ ದನಿ ಬರ್ತಿತ್ತು. ಹಿಂದೆ ಬೇರೆ ಯಾರೋ ನಿಂತು ಮಾತಾಡ್ದ ಹಾಗಿತ್ತು” ಎಂದು ನೆಸ್ಟರ್ ಬರೆದರು. ಮೀನಿಯಾ ಆ ವಾರವೆಲ್ಲ ಅಂಗಡಿಯ ಯಂತ್ರದ ಮುಂದೆ ಕೂತು ಕೂಡಿಸುವುದನ್ನು ಕಲಿತರು. ಎಲ್ಲರ ಕೈಗೂ ಫೋನು ಬಂದು ಅಂಗಡಿ ಮುಚ್ಚಿದಾಗ, ಮಾಲೀಕನಿಂದ ಆ ಯಂತ್ರವನ್ನೇ ಬೇಡಿ ತಂದರು.

ದಡ ಸೇರಿರುವ ನೆಸ್ಟರ್ ಈಗ ಬಾಗಿಲಲ್ಲಿ ಕಾಫಿ ಸೋಸುತ್ತಾರೆ. “ಇವಳ ಹತ್ರ ಜಗಳ ಆಡೋ ಹಾಗಿಲ್ಲ ಇಂದಾಯ್. ಎಷ್ಟು ಸೆಕೆಂಡ್ ತಡವಾಗಿ ಉತ್ತರ ಕೊಟ್ಟೆ ಅಂತ ಗುರುತು ಹಾಕ್ಕೊಂಡಿರ್ತಾಳೆ.”

“ಇವತ್ತು ಮೂರು ಸೆಕೆಂಡ್,” ಎನ್ನುತ್ತಾರೆ ಮೀನಿಯಾ, ಪರದೆಯಿಂದ ಕಣ್ಣು ತೆಗೆಯದೆ.

ಅಷ್ಟರಲ್ಲಿ ನನಾಯ್ ಫೆಲಿಂಗ್, ಫೆಲಿಂಗ್ ಅಮ್ಮ, ಬರುತ್ತಾರೆ. ಊರು ಕಡಲಂಚಿನದು, ವಯಸ್ಸು ಎಪ್ಪತ್ತರ ಮೇಲೆ. ಅವರ ಮಗ ರೊಲ್ದಾನ್ ಇರುವ ಹಡಗಿಗೇ ಇವರ ತಂಗಿಯ ಮಗ ಇವತ್ತು ಕೆಲಸಕ್ಕೆ ಸೇರಲು ಹೊರಟಿದ್ದಾನೆ. ಹೊರಗೆ ಟ್ರೈಸಿಕಲ್ಲಿನಲ್ಲಿ, ಪಕ್ಕಗಾಡಿ ಕಟ್ಟಿದ ಬಾಡಿಗೆ ಬೈಕಿನಲ್ಲಿ, ಕಾಯುತ್ತಿದ್ದಾನೆ. ವಿಡಿಯೊ ಅವನ ಕೈಯಲ್ಲಿ ಹೋಗಬೇಕು. ಇನ್ನೂ ನಾಲ್ಕು ತಿಂಗಳು ಹಡಗಿನಲ್ಲೇ ಉಳಿಯಲೇ ಎಂದು ರೊಲ್ದಾನ್ ಮನೆಗೆ ಕೇಳಿ ಕಳಿಸಿದ್ದ. ಸೊಸೆ ಗ್ಲೈಸಾಳ ಉತ್ತರ ಈ ವಿಡಿಯೊದಲ್ಲಿದೆ.

“ಪಕ್ಕದ ಮನೆ ಹುಡುಗ ಫೈಲು ಬದಲಾಯಿಸಿ ಅವ್ರ ಟಿವೀಲಿ ಹಾಕಿ ತೋರಿಸ್ದಾಗ ಎಲ್ರೂ ಹೇಳಿದ್ರು, ಗ್ಲೈಸಾ ಹೌದು ಅಂದ್ಲು ಅಂತ,” ನನಾಯ್ ಹಿಗ್ಗುತ್ತಾರೆ. “ನಾಲ್ಕು ತಿಂಗಳಾದ್ರೆ ಮನೆ ತಾರಸಿ ಮುಗಿಯುತ್ತೆ. ಆದ್ರೆ ನನ್ನ ದನಿ ಯಾಕೋ ಮುಂಚೆ ಓಡುತ್ತೆ, ನೋಡವ್ವ.” ಲಕೋಟೆಯ ಮೇಲೆ ‘ಗ್ಲೈಸಾ ಒಪ್ಪಿದ್ದಾಳೆ’ ಎಂದು ಆಗಲೇ ಬರೆಸಿ ತಂದಿದ್ದಾರೆ.

ಹುಡುಗ ಬದಲಾಯಿಸಿದ ಫೈಲನ್ನು ಮೀನಿಯಾ ತೆರೆಯುತ್ತಾರೆ. ಜಗಲಿಯ ಮೇಲೆ ಗ್ಲೈಸಾ, ತೊಡೆಯ ಮೇಲೆ ತಗಡಿನ ಬೋಗುಣಿ. ಹಸಿ ತೊಗರಿಕಾಯಿ ಬಿಡಿಸುತ್ತಿದ್ದಾಳೆ. ಫೋನು ಹಿಡಿದ ನನಾಯ್ ಪ್ರಶ್ನೆ ಕೇಳುತ್ತಾರೆ. ಕೇಳುವವರು ಚಿತ್ರದಲ್ಲಿಲ್ಲ, ಉತ್ತರಿಸುವವಳು ಬಾಯಿ ತೆರೆಯುವುದಿಲ್ಲ. ಕೂಡಿಸಲು ತುಟಿಯೇ ಇಲ್ಲ.

“ತುಟಿ ಇಲ್ದಿದ್ರೆ ಏನಾಯ್ತು? ಕಾಳಿದೆಯಲ್ಲ,” ಎನ್ನುತ್ತಾರೆ ಮೀನಿಯಾ.

ಮೊದಲ ಕಾಳು ಬೋಗುಣಿಗೆ ಬೀಳುತ್ತದೆ, ಟಣ್. ಕಾಳೂ ಸದ್ದೂ ಜೊತೆಯಲ್ಲೇ ಇವೆ. ಮೀನಿಯಾ ವಿಡಿಯೊದ ಕೊನೆಯ ಕಾಳಿಗೆ ಹಾರುತ್ತಾರೆ. ಟಣ್ ಎಂದು ಆರು ಸೆಕೆಂಡ್ ಆದಮೇಲೆ ಕಾಳು ಬೀಳುತ್ತದೆ. ದನಿಯನ್ನು ಸರಿಸಿದರೆ ಸಾಲದು. ಕೊನೆ ಕೂಡಿಕೊಂಡರೆ ಮೊದಲು ಕೆಡುತ್ತದೆ. ನನಾಯ್ ಅವರ ಫೋನಿನಿಂದ ಮೂಲ ಫೈಲನ್ನು ತೆಗೆದುಕೊಂಡು, ಚಿತ್ರದ ನಡಿಗೆಯನ್ನು ಸಮಮಾಡಿ, ಹೊಸದಾಗಿ ಬದಲಾಯಿಸುತ್ತಾರೆ. ನಡುವೆ ಮೂರು ಕಡೆ ಕಾಳು ಬೀಳುವುದನ್ನು ಪರೀಕ್ಷಿಸುತ್ತಾರೆ. ಟಣ್, ಟಣ್, ಟಣ್. ಕಾಳೂ ಸದ್ದೂ ಒಂದೇ.

ಕೊನೆಯ ಭಾಗವನ್ನು ಇನ್ನೊಮ್ಮೆ ಓಡಿಸುತ್ತಾರೆ. “ಒಬ್ಬಳಿಗೇ ಕಷ್ಟ ಆಗ್ತಿದೆಯೇನೇ?” ನನಾಯ್ ದನಿ. ಗ್ಲೈಸಾಳ ಹುಬ್ಬುಗಳು ಮೇಲೇರುತ್ತವೆ. “ಅವನು ಇನ್ನೂ ನಾಲ್ಕು ತಿಂಗಳು ಇರ್ಲೇನು?” ಗ್ಲೈಸಾ ತಲೆ ತಗ್ಗಿಸಿ ಇನ್ನೊಂದು ಕಾಯಿ ಬಿಡಿಸುತ್ತಾಳೆ. ಟಣ್.

ಆರು ಸೆಕೆಂಡಿನಲ್ಲಿ ಉತ್ತರ ಒಂದು ಪ್ರಶ್ನೆಯಿಂದ ಇನ್ನೊಂದಕ್ಕೆ ಹೋಗಿ ಕೂತಿತ್ತು. ನಾನು ಮೀನಿಯಾ ಅವರ ಮುಖ ನೋಡುತ್ತೇನೆ. ಅವರಿಗೂ ತಿಳಿದಿದೆ. ಆದರೆ ಫೈಲನ್ನು ಪೆನ್‌ಡ್ರೈವಿಗೆ ಇಳಿಸುತ್ತಾ ಮೆಲ್ಲಗೆ, “ನಾನು ಕೂಡಿಸೋಳು ಇಂದಾಯ್. ಮಂದಿ ಮನೆ ಮಾತಿಗೆ ಅರ್ಥ ಹೇಳೋಳಲ್ಲ. ಇಪ್ಪತ್ತು ವರ್ಷದಲ್ಲಿ ಒಂದ್ಸಲವೂ ಹೇಳಿಲ್ಲ,” ಎನ್ನುತ್ತಾರೆ. ಆಮೇಲೆ, ನಾನು ಕೇಳದ ಹನ್ನೊಂದನೆಯ ಪ್ರಶ್ನೆಗೆ ಉತ್ತರವೆಂಬಂತೆ, “ಎರಡೂ ಕಿವಿ ಕೇಳ್ಸೋ ಒಂದು ಹೆಡ್‌ಫೋನು. ಅಷ್ಟೇ ಆಸೆ,” ಎಂದು ನಗುತ್ತಾರೆ.

ನನಾಯ್ ಲಕೋಟೆಯ ಬಾಯಿ ಬಿಡಿಸಿ ಪೆನ್‌ಡ್ರೈವ್ ಹಾಕುತ್ತಾರೆ. ಹೊರಗೆ ಟ್ರೈಸಿಕಲ್ ಹಾರ್ನ್ ಹೊಡೆಯುತ್ತದೆ. “ಕನ್ನಡಕ ಮನೇಲೇ ಬಿಟ್ಟು ಬಂದೆ. ವಿಡಿಯೊ ತೆಗೆದ ದಿನವೂ ಫೋನಿನ ಕೆಂಪು ಚುಕ್ಕೆ ನೋಡ್ತಾ ಇದ್ನೇ ಹೊರತು ಅವಳ ಮುಖ ನೋಡ್ಲಿಲ್ಲ,” ಎನ್ನುತ್ತಾ ನನ್ನ ಕಡೆ ತಿರುಗುತ್ತಾರೆ. “ನಿನ್ನ ಕಣ್ಣು ಎಳೇ ಕಣ್ಣು ಇಂದಾಯ್. ನೀನೂ ನೋಡ್ದೆಯಲ್ಲ, ಹೌದು ಅಂದ್ಲು ತಾನೆ?”

ನನ್ನ ಹುಬ್ಬುಗಳು ಅಭ್ಯಾಸಬಲದಿಂದ ಮೇಲೇಳುತ್ತವೆ. ಮುಖ ಉಜ್ಜಿಕೊಳ್ಳುವವಳಂತೆ ಕೈಯಿಂದ ಅವನ್ನು ಕೆಳಗೆ ಒತ್ತುತ್ತೇನೆ. ಮೀನಿಯಾ ಹೆಡ್‌ಫೋನ್ ಕೆಳಗಿಟ್ಟು ನನ್ನನ್ನೇ ನೋಡುತ್ತಿದ್ದಾರೆ.

“ಹೌದು ಅಂದ್ರು ನನಾಯ್,” ಎನ್ನುತ್ತೇನೆ. ನನ್ನ ದನಿ ಅಂಗಡಿಯಲ್ಲಿ ದೊಡ್ಡದಾಗಿ ಕೇಳಿಸುತ್ತದೆ. “ಆದ್ರೆ ಅದು, ಒಬ್ಬಳಿಗೇ ಕಷ್ಟ ಆಗ್ತಿದೆಯಾ ಅಂತ ನೀವು ಕೇಳಿದ್ದಕ್ಕೆ.”