ಒಂದು ಮೀಟರಿನ ಎರಡು ಮನೆ

"ಈ ಮನಿಯಾಗ ಒಂದು ಹೆಣ್ಣುಹುಡುಗಿ ಡಿಗ್ರಿ ಮಾಡೋದು ಆಗದ ಮಾತು ಬಿಡು" ಎಂದವರು ನಮ್ಮ ದೊಡ್ಡಪ್ಪ. ಬೆನ್ನ ಹಿಂದೆ ಅಂದದ್ದಲ್ಲ. ಆದೋನಿಯ ನಮ್ಮ ಮನೆಯ ಅಂಗಳದಲ್ಲಿ, ಬೇವಿನ ಗಿಡದ ಕೆಳಗೆ, ಮಂಡಕ್ಕಿಯ ಉಗ್ಗಾಣಿ ತಿನ್ನುತ್ತಾ ನನ್ನೆದುರಿಗೇ ಅಂದರು. ನಾನಾಗ ಹತ್ತನೇ ತರಗತಿ ಪರೀಕ್ಷೆ ಬರೆದು ಫಲಿತಾಂಶಕ್ಕೆ ಕಾಯುತ್ತಿದ್ದೆ. ಆ ದಿನಗಳಲ್ಲಿ ನಮ್ಮ ಮನೆ ಎರಡಾಗಿತ್ತು, ಕರೆಂಟಿನ ಮೀಟರು ಮಾತ್ರ ಒಂದೇ ಇತ್ತು. ನನ್ನ ಮುಂದಿನ ಓದು ಆ ಮೀಟರಿಗೆ ತಗುಲಿಕೊಂಡಿತ್ತು.

ಅಜ್ಜ ತೀರಿಕೊಂಡ ಮೇಲೆ ಅಪ್ಪ, ದೊಡ್ಡಪ್ಪ ಬೇರೆಯಾಗಿದ್ದರು. ಪಾತ್ರೆ, ಕಾಳಿನ ಡಬ್ಬಿ, ಮಂಚ ಎಲ್ಲ ಪಾಲಾಯಿತು. ಅಂಗಳದ ನಡುವೆ ಮೊಣಕಾಲೆತ್ತರದ ಗೋಡೆ ಬಂತು. ಬೇವಿನ ನೆರಳು ಬೆಳಗ್ಗೆ ನಮ್ಮ ಕಡೆ, ಇಳಿಹೊತ್ತಿಗೆ ಅವರ ಕಡೆ. ಮೀಟರಿನ ಮಾತು ಬಂದಾಗ ಮಾತ್ರ ಅಜ್ಜಿ ಅಡ್ಡ ಬಂದಳು.

"ಒಲಿ ಬ್ಯಾರೆ ಮಾಡ್ಕೋರಿ, ನಾ ಬ್ಯಾಡ ಅನ್ನಂಗಿಲ್ಲ. ನಾ ಇರೋತನಕ ಬೆಳಕು ಒಂದ ಇರ್ಲಿ."

ಮನೆಯ ಕಾಗದ ಅಜ್ಜಿಯ ಹೆಸರಿನಲ್ಲಿತ್ತು. ಅವಳ ಹೆಬ್ಬೆಟ್ಟು ಇಲ್ಲದೆ ಇನ್ನೊಂದು ಮೀಟರು ಬರುವಂತಿರಲಿಲ್ಲ. ಹಾಗಾಗಿ ಹಳೇ ಮೀಟರು ಅಪ್ಪನ ಹೆಸರಿನಲ್ಲೇ ಉಳಿಯಿತು, ಬಿಲ್ಲು ಅರ್ಧರ್ಧ.

ಅದರಲ್ಲಿ ಒಂದು ತೊಡಕಿದೆ ಎಂದು ನಮಗೆ ಗೊತ್ತಾದದ್ದು ಸರ್ಕಾರಿ ಯೋಜನೆಗಳ ಲೆಕ್ಕ ನೋಡುವ ವಾರ್ಡಿನ ವಾಲಂಟೀರ್ ಹುಡುಗಿ ಫೋನು ಹಿಡಿದು ಬಾಗಿಲಿಗೆ ಬಂದಾಗ. ಕರೆಂಟು ಇಂತಿಷ್ಟಕ್ಕಿಂತ ಹೆಚ್ಚು ಸುಡುವ ಮನೆಗೆ ರೇಷನ್ ಕಾರ್ಡ್ ಇಲ್ಲ; ಕಾರ್ಡ್ ಇಲ್ಲದ ಮನೆಯ ಮಕ್ಕಳ ಕಾಲೇಜು ಫೀ ಸರ್ಕಾರ ಕಟ್ಟುವುದಿಲ್ಲ. ಎರಡು ಮನೆ ಸುಟ್ಟದ್ದೆಲ್ಲ ಅಪ್ಪನ ಲೆಕ್ಕಕ್ಕೇ ಬೀಳುತ್ತಿತ್ತು.

"ಈ ನೆಲ ಕೂಡಾ ದಾಟಿತೇ ಕಾರ್ಡು ಪೋತುಂದಿ ಅಕ್ಕಾ" ಎಂದಳು ಆ ಹುಡುಗಿ ತೆಲುಗಿನಲ್ಲಿ. ಈ ತಿಂಗಳೂ ಗೆರೆ ದಾಟಿದರೆ ಕಾರ್ಡು ಹೋಯಿತು.

"ಅಕ್ಕಿ ಹೋದ್ರ ಹೋಗ್ಲಿ, ಜ್ವಾಳದ ರೊಟ್ಟಿ ತಿಂತೀವಿ. ಇಕಿ ಫೀಜು?" ಎಂದಳು ಅವ್ವ.

ಹುಡುಗಿ ನನ್ನ ಮುಖ ನೋಡಿ ಫೋನು ಚೀಲಕ್ಕೆ ಹಾಕಿಕೊಂಡಳು. ಅಪ್ಪ ಆಗತಾನೆ ಜಿನ್ನಿಂಗ್ ಮಿಲ್ಲಿನಿಂದ ಬಂದು ಕೂತಿದ್ದ. ಹುಬ್ಬಿಗೆ ಅಂಟಿದ ಹತ್ತಿಯ ಎಳೆಯನ್ನೂ ತೆಗೆಯದೆ ಮೀಟರನ್ನೇ ನೋಡುತ್ತಿದ್ದ.

ದೊಡ್ಡಪ್ಪನಿಗೆ ಈ ಚಿಂತೆ ಇರಲಿಲ್ಲ. ಮಾರ್ಕೆಟ್ ಯಾರ್ಡಿನಲ್ಲಿ ಹತ್ತಿ ದಲಾಲಿ ಮಾಡುತ್ತಿದ್ದರು. ಕಾರು ಕೊಂಡಾಗಲೇ ಅವರ ಕಾರ್ಡು ಹೋಗಿತ್ತು. ಆ ಬೇಸಿಗೆಗೆ ಫ್ರಿಜ್ಜು, ದೊಡ್ಡ ಕೂಲರು ಎರಡೂ ಬಂದಿದ್ದವು. ಬೆಳಗಿನ ಚಹಾಕ್ಕೆ ಶುರುವಾದ ಕೂಲರು ಖಾಲಿ ಕೋಣೆಗೂ ಗಾಳಿ ಬೀಸುತ್ತಿತ್ತು.

ಅವ್ವ ಸೆರಗು ಹೊದ್ದು ಗೋಡೆಯ ಬಳಿ ನಿಂತಳು. "ಬಾವಾರ, ಇದೊಂದು ತಿಂಗಳು ಕೂಲರ್ ಸ್ವಲ್ಪ ನೋಡಿ ಹಚ್ರಿ."

"ನಮ್ಮ ಅರ್ಧ ಬಿಲ್ಲು ನಾವು ಕಟ್ಟತೀವಿ. ನಿನ್ನ ಮಗಳು ಓದಾಕ ನಾವು ಕುದಿಬೇಕೇನು?"

ಒಳಗಿನಿಂದ ದೊಡ್ಡವ್ವ ಸೇರಿಸಿದಳು: "ಕರೆಂಟ್ ಉಳಿಸಿ ಮಗಳನ್ನ ಕಲೆಕ್ಟರ್ ಮಾಡ್ತಾಳಂತ ನೋಡ್ರಿ!"

ಅವತ್ತಿನಿಂದ ನಮ್ಮ ಕಡೆ ಉಳಿಸುವ ಕೆಲಸ ಶುರುವಾಯಿತು. ಮಿಕ್ಸಿ ಅಟ್ಟ ಸೇರಿತು. ಶೇಂಗಾ ಚಟ್ನಿ ಮತ್ತೆ ಒರಳಿಗೆ ಬಂತು. ರುಚಿ ಹೆಚ್ಚಾಗೈತಿ ಎಂದು ಅಪ್ಪ ಹೊಗಳಿದರೆ ಅವ್ವ, "ಹಂಗಾರ ನಾಳಿಂದ ನೀವ ಕುಟ್ರಿ" ಎಂದಳು. ಟಿವಿಗೆ ಹಳೇ ಸೀರೆ ಹೊದಿಸಿದೆವು. ಮೋಟರು ಹಚ್ಚದೆ ಬೀದಿ ನಳದಿಂದ ಕೊಡ ಹೊತ್ತೆವು. ಕಿಟಕಿಗೆ ಒದ್ದೆ ಗೋಣಿ ಕಟ್ಟಿದರೆ ಬಿಸಿಗಾಳಿ ಸೆಣಬಿನ ವಾಸನೆ ಹೊತ್ತು, ಚೂರು ತಣಿದು ಒಳಗೆ ಬರುತ್ತಿತ್ತು. ಸಂಜೆ ಮಾಳಿಗೆಯ ಬಂಡೆಗಳ ಮೇಲೆ ನೀರು ಚೆಲ್ಲಿದರೆ ರೊಟ್ಟಿಯ ಹಂಚಿನ ಹಾಗೆ ಚುರ್ ಎನ್ನುತ್ತಿತ್ತು.

ಆದರೂ ಮೀಟರಿನ ಕೆಂಪು ಚುಕ್ಕಿ ನಿಲ್ಲಲಿಲ್ಲ. ನಮ್ಮ ಕಡೆಯ ಸ್ವಿಚ್ಚುಗಳನ್ನೆಲ್ಲ ಆರಿಸಿ ಓಡಿಬಂದು ನೋಡುತ್ತಿದ್ದೆ. ಜ್ವರ ಬಂದವರ ನಾಡಿಯಂತೆ ಅದು ಬಡಿದುಕೊಳ್ಳುತ್ತಲೇ ಇರುತ್ತಿತ್ತು. ಗೋಡೆಯಾಚೆ ಕೂಲರಿನ ಗೊರಗೊರ ಸದ್ದು.

"ಅಪ್ಪಾ, ಅವರ ಕಡಿ ಫ್ಯೂಜ್ ಕಿತ್ತು ಬಿಡ್ಲೇನು?"

"ಬ್ಯಾಡವಾ ಪಾರಿ. ಕದ್ದು ಓದಿದಂಗ ಆಗತೈತಿ."

ಅಜ್ಜಿ ಪಾಳಿಯ ಮೇಲೆ ಉಣ್ಣುತ್ತಿದ್ದಳು. ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ನಮ್ಮ ಮನೆ, ಆಮೇಲೆ ದೊಡ್ಡಪ್ಪನ ಮನೆ. ಆಗ ಪಾಳಿ ಅವರದಾಯಿತು. ಅಜ್ಜಿ ಹೋದವಳೇ ತನ್ನ ಚಾಪೆಯನ್ನು ಅವರ ಕೋಣೆಯಿಂದ ಎಳೆದು ತಂದು ಅಂಗಳದಲ್ಲಿ ಹಾಸಿದಳು. ನಡುಮಧ್ಯಾಹ್ನ. ಬೇವಿನ ನೆರಳು ಬುಡಕ್ಕೆ ಮುದುಡಿಕೊಂಡಿತ್ತು.

"ಯವ್ವಾ, ಒಳಗ ಬಾ. ಕೂಲರ್ ಹಚ್ಚೈತಿ" ಎಂದರು ದೊಡ್ಡಪ್ಪ.

"ಅದು ನನ್ನ ಮೊಮ್ಮಗಳ ಪುಸ್ತಕ ಸುಟ್ಟು ಗಾಳಿ ಬಿಡತೈತಿ. ನನಗ ಬ್ಯಾಡ."

"ಮಂದಿ ನೋಡ್ತಾರಬೇ. ತಾಯಿನ್ನ ಬಿಸಲಾಗ ಕುಂದ್ರಿಸ್ಯಾನ ಅಂತಾರ."

"ನೋಡ್ಲಿ ಬಿಡು. ಮಂದಿ ನೋಡಿದ್ದಕ್ಕ ಬಿಲ್ಲು ಬರಂಗಿಲ್ಲ."

"ಹಂಗಾರ ಹೆಬ್ಬಟ್ಟು ಒತ್ತು. ಅವರ ಮೀಟರ್ ಅವರು ತಗೋತಾರ."

"ಅದೂ ಒತ್ತಂಗಿಲ್ಲ. ಬೆಳಕು ಒಂದ ಅಂದಮ್ಯಾಲೆ ಇಬ್ರೂ ಚೂರು ಚೂರು ಕತ್ತಲಿ ತಿನ್ನಬೇಕಪಾ."

ದೊಡ್ಡಪ್ಪ ಬಾಗಿಲು ಹಾಕಿಕೊಂಡರು. ಕೆಲವು ದಿನ ಹೀಗೇ ನಡೆಯಿತು. ಅವ್ವ ಗೋಡೆ ದಾಟಿ ಮಜ್ಜಿಗೆ ಕೊಟ್ಟು ಬರುವಳು, ನಾನು ಒದ್ದೆ ಗೋಣಿ ಹೊದಿಸಿ ಬರುವೆನು. ಎಳೆದರೂ ಅಜ್ಜಿ ಏಳುತ್ತಿರಲಿಲ್ಲ.

ಒಂದು ಮಧ್ಯಾಹ್ನ ಲೋಟ ಉರುಳಿದ ಸದ್ದಾಯಿತು. ನೋಡಿದರೆ ಅಜ್ಜಿ ಪಕ್ಕಕ್ಕೆ ವಾಲಿದ್ದಳು. ಕಣ್ಣು ಅರೆ ತೆರೆದಿತ್ತು, ಮೈ ಬಂಡೆಯಂತೆ ಸುಡುತ್ತಿತ್ತು. ನನ್ನ ಚೀರಾಟಕ್ಕೆ ದೊಡ್ಡಪ್ಪ ಬರಿಗಾಲಲ್ಲಿ ಓಡಿ ಬಂದು, ಅವಳನ್ನು ಕೂಸಿನಂತೆ ಎತ್ತಿಕೊಂಡು ಒಳಗೆ ಮಲಗಿಸಿದರು. ದೊಡ್ಡವ್ವ ಕೂಲರಿಗೆ ನೀರು ತುಂಬಲು ಅದನ್ನು ಆಗಷ್ಟೇ ಆರಿಸಿದ್ದಳು.

"ಹಚ್ರೋ ಯಾರಾರ!" ಎಂದು ದೊಡ್ಡಪ್ಪ ಕೂಗಿದರು.

ಓಡಿ ಹೋಗಿ ಸ್ವಿಚ್ಚು ಒತ್ತಿದವಳು ನಾನೇ. ಎಷ್ಟು ಜೋರಿತ್ತೋ ಅಷ್ಟಕ್ಕೂ ತಿರುಗಿಸಿದೆ. ಅವ್ವ ಒದ್ದೆ ಬಟ್ಟೆಯಿಂದ ಮೈ ಒರೆಸುತ್ತಿದ್ದಳು. ದೊಡ್ಡವ್ವ ತುಟಿಗೆ ಉಪ್ಪಿನ ಮಜ್ಜಿಗೆ ಮುಟ್ಟಿಸುತ್ತಿದ್ದಳು, ಅರ್ಧ ಕೆಳಗೆ ಚೆಲ್ಲುತ್ತಿತ್ತು. ಬಹಳ ಹೊತ್ತಿನ ಮೇಲೆ ಅಜ್ಜಿ ಕಣ್ಣು ಬಿಟ್ಟಳು. ಮೊದಲು ಕಂಡದ್ದು ಕೂಲರು.

"ಯಾರ ಹಚ್ಚಿದ್ದು?"

"ನಾನ ಅಜ್ಜಿ."

"ನಿನ್ನ ಕಾಲೇಜ?"

"ನೀ ಇರು ಮೊದಲು" ಎಂದು ಅಳತೊಡಗಿದೆ. ಅಲ್ಲಿಯವರೆಗೆ ನಾನು ಅತ್ತಿರಲಿಲ್ಲ. ದೊಡ್ಡಪ್ಪ ನನ್ನ ಕಡೆ ನೋಡಿದರು, ಟವೆಲ್ಲಿನಿಂದ ಮುಖ ಒರೆಸಿಕೊಂಡು ಹೊರಗೆ ಹೋದರು. ಮೀಟರಿನ ಮುಂದೆ ನಿಂತು ಆ ಚುಕ್ಕಿಯನ್ನು ನೋಡುತ್ತಿದ್ದುದು ಬಾಗಿಲಿನಿಂದ ಕಾಣುತ್ತಿತ್ತು.

ಸಂಜೆ ಗೋಡೆಯ ಬಳಿ ಬಂದು ಅಪ್ಪನಿಗೆ ಹೇಳಿದರು: "ನಾಳಿಂದ ಮಧ್ಯಾಹ್ನ ಒಂದ ಹೊತ್ತು ಕೂಲರ್. ಅಷ್ಟೊತ್ತು ಎಲ್ಲಾರೂ ನಮ್ಮ ಖೋಲ್ಯಾಗ ಬರ್ರಿ. ನಾಚಿಗಿ ಬಂದ್ರ ಅಲ್ಲೇ ಕುದೀರಿ, ನನಗೇನು."

ಹೋದೆವು. ಎರಡು ಮನೆಯವರು ಒಂದೇ ಕೋಣೆಯಲ್ಲಿ, ಅಜ್ಜಿ ನಡುವೆ. ನೆಲದ ಬಂಡೆಯ ಮೇಲೆ ಸೀಮೆಸುಣ್ಣದಲ್ಲಿ ಮನೆ ಬರೆದು, ಸೀಳಿದ ಹುಣಸೆಬೀಜ ಎಸೆದು ಚೌಕಾಬಾರ ಆಡಿದೆವು. ದೊಡ್ಡವ್ವ ಕಾಯಿ ಕದಿಯುತ್ತಿದ್ದಳು, ಸಿಕ್ಕಿಬಿದ್ದರೆ ನಗುತ್ತಿದ್ದಳು. ಅವಳ ಫ್ರಿಜ್ಜೂ ಆರಿತು. ನೀರಿಗೆ ಮಣ್ಣಿನ ಗಡಿಗೆ ಬಂತು. "ಖಾಲಿ ಯಾಕ ಇರಬೇಕು" ಎಂದು ನನ್ನ ಪುಸ್ತಕಗಳನ್ನು ಫ್ರಿಜ್ಜಿನೊಳಗೆ ಜೋಡಿಸಿದವಳೂ ಅವಳೇ.

ಆದರೆ ರೀಡಿಂಗ್ ತೆಗೆಯುವವನು ಬರಬೇಕಾದ ದಿನ ಬರಲಿಲ್ಲ. ಮರುದಿನವೂ ಇಲ್ಲ. ಅವನು ತಡಮಾಡಿದಷ್ಟೂ ಚುಕ್ಕಿ ಮಿಣುಕುತ್ತಲೇ ಇರುತ್ತದೆ, ಸುಟ್ಟದ್ದೆಲ್ಲ ಇದೇ ಬಿಲ್ಲಿಗೆ ಬೀಳುತ್ತದೆ. ಅಜ್ಜಿಯ ತಲೆಯ ಮೇಲಿನ ಫ್ಯಾನು ಬಿಟ್ಟು ಎಲ್ಲ ಆರಿಸಿದೆವು. ಅವ್ವ ಬೀದಿಯ ತುದಿಯನ್ನೇ ನೋಡುತ್ತಾ ರೊಟ್ಟಿ ಸೀಯಿಸಿದಳು. ಕಡೆಗೆ ದೊಡ್ಡಪ್ಪ ಬೈಕು ತೆಗೆದುಕೊಂಡು ಹೋದರು. ತನ್ನ ತಂಗಿಯ ಮದುವೆಯ ಓಡಾಟದಲ್ಲಿದ್ದ ಆ ರೀಡಿಂಗ್ ಹುಡುಗನನ್ನು ಹಿಂದೆ ಕೂರಿಸಿಕೊಂಡೇ ಬಂದರು.

"ಇಂತ ತೊಂದರೇಂಟಿ ಪೆದ್ದಾಯನಾ?" ಎಂದು ಗೊಣಗುತ್ತಾ, ಇಷ್ಟೇನು ಅವಸರ ಎಂಬ ಮುಖದಲ್ಲಿ ಅವನು ಗುಂಡಿ ಒತ್ತಿದ. ಮಿಷನ್ನು ಕಿರ್ ಎಂದು ಚೀಟಿ ಉಗುಳಿತು. ಅದನ್ನು ಕಿತ್ತುಕೊಂಡವರು ದೊಡ್ಡಪ್ಪ. ಕಣ್ಣಿಗೆ ಹತ್ತಿರ ಹಿಡಿದರು, ದೂರ ಹಿಡಿದರು.

"ಪಾಸಾದಿ ನೋಡವಾ" ಎಂದರು. ನನ್ನ ಹತ್ತನೇ ತರಗತಿಯ ಫಲಿತಾಂಶ ಇನ್ನೂ ಬಂದಿರಲಿಲ್ಲ.

ಮುಂದಿನ ಬೇಸಿಗೆಗಳೆಲ್ಲ ಹಾಗೇ ಕಳೆದವು. ಕನ್ನಡ ಶಾಲೆಯಲ್ಲಿ ಕಲಿತವಳು ಕಾಲೇಜಿನಲ್ಲಿ ಇಂಗ್ಲಿಷ್ ಪುಸ್ತಕದ ಮುಂದೆ ಕೂತು ಒಂದೊಂದು ಸಾಲಿಗೂ ಬೆವತೆ. ಒಂದು ಪೇಪರು ಹೋಯಿತು, ಮತ್ತೆ ಬರೆದೆ. ಕಾರ್ಡು ಮಾತ್ರ ಹೋಗಲಿಲ್ಲ. ದಿನಾ ಸಂಜೆ ದೊಡ್ಡಪ್ಪ ಗೋಡೆಯಾಚೆಯಿಂದ ಕೂಗುತ್ತಿದ್ದರು: "ಪಾರಿ, ಮೋಟರ್ ಆರ್ಸಿದ್ರೇನು?"

ಡಿಗ್ರಿಯ ಕೊನೆಯ ವರ್ಷದಲ್ಲಿ ಅಜ್ಜಿ ಹೋದಳು. ಈಗ ಪಡಸಾಲೆಯಲ್ಲಿ ಎರಡು ಮೀಟರು, ಎರಡು ಕೆಂಪು ಚುಕ್ಕಿ. ಎರಡು ಮನೆಯಲ್ಲೂ ಎಸಿ ಇದೆ. ನಮ್ಮ ಮನೆಯದು ನನ್ನ ಸಂಬಳದಲ್ಲಿ ಕೊಂಡದ್ದು, ಅದರ ಹೆಮ್ಮೆ ನನಗಿದೆ. ಎಸಿ ಇರುವುದರಿಂದ ಮಧ್ಯಾಹ್ನ ಬಾಗಿಲುಗಳು ಮುಚ್ಚಿರುತ್ತವೆ. ಚೌಕಾಬಾರದ ಗೀಟುಗಳ ಮೇಲೆ ಟೈಲ್ಸ್ ಬಂದಿದೆ. ಅಂಗಳದ ಗೋಡೆ ಇಂದಿಗೂ ಮೊಣಕಾಲೆತ್ತರವೇ; ದಾಟುವವರು ಕಡಿಮೆ. ಮೋಟರ್ ಆರಿಸಿದಿರಾ ಎಂದು ಯಾರೂ ಯಾರನ್ನೂ ಕೇಳುವುದಿಲ್ಲ.

ಕೆಲಸಕ್ಕೆ ಸೇರಿದ ಮೇಲೆ ಡಿಗ್ರಿ ಸರ್ಟಿಫಿಕೇಟು ಕೈಗೆ ಬಂದ ದಿನ ನಾನು ಆ ಗೋಡೆ ದಾಟಿದೆ. ದೊಡ್ಡಪ್ಪ ಒಳಗೆ ಮಂಚದ ಮೇಲೆ ಕೂತಿದ್ದರು. ಕಣ್ಣಿಗೆ ಪೊರೆ ಬಂದಿತ್ತು. ಸರ್ಟಿಫಿಕೇಟನ್ನು ಅವರ ಕೈಯಲ್ಲಿಟ್ಟೆ. ಕಾಗದದ ಅಂಚನ್ನು ಬೆರಳಿನಿಂದ ಸವರಿದರು, ಮೂಗಿನ ತನಕ ತಂದರು, ಕಾಣಲಿಲ್ಲ. ದೊಡ್ಡವ್ವ ಸ್ವಿಚ್ಚಿನ ಕಡೆ ಕೈ ಚಾಚಿದಳು.

"ಲೈಟ್ ಹಚ್ಚಬ್ಯಾಡ" ಎಂದು ದೊಡ್ಡಪ್ಪ ತಡೆದರು. ನನ್ನ ಭುಜ ಹಿಡಿದು ಎದ್ದು, ಸರ್ಟಿಫಿಕೇಟನ್ನು ಎದೆಗೊತ್ತಿಕೊಂಡು, ಬೇವಿನ ಗಿಡದತ್ತ ಹೆಜ್ಜೆ ಹಾಕಿದರು.

"ಪಾರಿದು ಇದು. ಬಿಸಲಾಗ ಓದ್ತೀನಿ."