ಆ ಎಪ್ಪತ್ತೆಂಟು ನಮ್ಮೆಜಮಾನ್ರದಲ್ಲ

ನಮ್ಮೆಜಮಾನ್ರ ಹೆಸರು ಬಾಯಲ್ಲಿ ಹೇಳ್ತಿರಲಿಲ್ಲ. ಈಗ ಬರೀತೀನಿ. ದೇವರಾಜು. ದಟ್ಟಗಳ್ಳಿಯಲ್ಲಿ ಲಗೇಜ್ ಆಟೊ ಓಡಿಸ್ತಿದ್ರು. ಅದಕ್ಕೂ ಮೊದಲು ಪೈಲ್ವಾನ್ರು. ಕುಸ್ತಿ ಬಿಟ್ಟರೂ ಬೆಳಿಗ್ಗೆ ಗರಡಿ ಮನೆಗೆ ಹೋಗಿ, ಕೆಮ್ಮಣ್ಣಿಗೆ ಕೈ ಮುಗಿದು, ಬಸ್ಕಿ ಹೊಡೆದು ಬಂದ ಮೇಲೇನೇ ಕಾಫಿ. ಕುಸ್ತೀಲಿ ಉಜ್ಜಿ ಉಜ್ಜಿ ಕಿವಿ ಎರಡೂ ಮುದುರಿ ಗಟ್ಟಿಯಾಗಿದ್ವು. ಮಾತು ಕಮ್ಮಿ. ಸಿಟ್ಟು ಬಂದ್ರೆ ಊಟ ಬಿಡ್ತಿರಲಿಲ್ಲ, ಇನ್ನೊಂದು ಮುದ್ದೆ ಜಾಸ್ತಿ ತಿನ್ನೋರು.

ನನ್ನ ನೋಡೋಕೆ ಬಂದಾಗ ನಮ್ಮಪ್ಪನ ಮನೆ ಹಿತ್ತಲಲ್ಲಿ ಬಸ್ಕಿ ಹೊಡೆದು ಆಮೇಲೆ ಒಳಗೆ ಬಂದ್ರು. ಬೆವರು ಸುರೀತಿತ್ತು. ಹೆದರಿದಾರೆ ಅಂದ್ಕೊಂಡೆ. ಮದುವೆ ಆದ ಮೇಲೆ ಕೇಳಿದ್ರೆ, "ಗರಡಿಯವನು ತಣ್ಣನೆ ಮೈ ಹೊರಗಿನೋರಿಗೆ ತೋರಿಸಬಾರದು ಕಣೆ" ಅಂದ್ರು.

ಅವರ ಎದೆ ನಿಧಾನ. ತಲೆ ಇಟ್ಟು ಕೇಳಿದ್ರೆ ಒಂದು ಬಡಿತ ಆಗಿ ಇನ್ನೊಂದಕ್ಕೆ ಕಾಯಬೇಕಿತ್ತು. ಹೊಸದರಲ್ಲಿ ನಿಂತೇ ಹೋಯ್ತೇನೋ ಅಂತ ಎಬ್ಬಿಸಿ ಬೈಸ್ಕೊಂಡಿದ್ದೆ.

ಹೋದ ವರ್ಷ ಒಂದು ಮೆಡಿಕಲ್ ಕಾಲೇಜಿನವರು ಗರಡಿಗೆ ಬಂದ್ರು. ಕಾಯಿಲೆ ಇಲ್ಲದ ಜನರ ಇಸಿಜಿ ತೆಗೀತೀವಿ, ನಮ್ಮೂರ ಗಟ್ಟಿ ಮನುಷ್ಯನ ಎದೆ ಹೆಂಗಿದ್ರೆ ಸರಿ ಅಂತ ಅಳತೆ ಕಟ್ಟಬೇಕು ಅಂದ್ರು. ಗರಡಿಯವರೆಲ್ಲ ಹೋದ್ರು. ಇವರೂ ಹೋದ್ರು. ಒಂದು ಕಾಗದ ಕೊಟ್ಟು ಕಳಿಸಿದ್ರು. ಗುಲಾಬಿ ಬಣ್ಣದ ಚೌಕ, ಅದರ ಮೇಲೆ ಮುಳ್ಳು ಮುಳ್ಳು ಗೆರೆ. ನಾರ್ಮಲ್ ಅಂತೆ. ಆಟೊ ಗ್ಲಾಸಿನ ಒಳಗೆ ಸಿಗಿಸ್ಕೊಂಡು ತಿರುಗಿದ್ರು.

ದಸರಾ ಆದ ಮೇಲೆ ಶ್ರೀರಾಂಪುರದಲ್ಲಿ ಯಾರದೋ ಬೀರು ಇಳಿಸಿ ಆಟೊ ಸೀಟಲ್ಲಿ ಕೂತೋರು ಏಳಲಿಲ್ಲ. ಎದೆ ನಿಂತಿದೆ ಅಂದ್ರು. ಐವತ್ತೂ ಆಗಿರಲಿಲ್ಲ.

ತಿಥಿ ಮುಗಿದ ಮೇಲೆ ಆ ಕಾಗದ ತೆಗೆದೆ. ನಾನು ಓದಿದ್ದು ನಾಲ್ಕನೇ ಕ್ಲಾಸು. ಪಕ್ಕದ ಮನೆ ಹರ್ಷಿತಾ ನರ್ಸಿಂಗ್ ಓದ್ತಾಳೆ, ಕರೆದೆ.

"ನಿಮಿಷಕ್ಕೆ ಎಪ್ಪತ್ತೆಂಟು ಬಡಿತ ಆಂಟಿ. ಅರವತ್ತರಿಂದ ನೂರರೊಳಗೆ ಇದ್ರೆ ಸರಿ."

"ಎಪ್ಪತ್ತೆಂಟು ಅಂದ್ರೆ ಹೆಂಗಿರತ್ತೆ, ತಟ್ಟಿ ತೋರಿಸು."

ಅವಳು ಗಡಿಯಾರ ನೋಡ್ಕೊಂಡು ತಟ್ಟೆ ಮೇಲೆ ಬೆರಳಲ್ಲಿ ತಟ್ಟಿದ್ಲು. ನಮ್ಮೆಜಮಾನ್ರ ಎದೆ ಅದಲ್ಲ. ಇದು ಯಾವನದೋ ಎದೆ. ಕಾಗದ ಅದಲು ಬದಲಾಗಿದೆ. ಇವರ ಕಾಯಿಲೆ ಬೇರೆಯವನ ಹೆಸರಲ್ಲಿ ಕೂತಿದೆ.

ಕಾಲೇಜಿಗೆ ಹೋದೆ. ಡಾಕ್ಟ್ರಮ್ಮ ಪ್ರೇಮಲೀಲಾ ಅಂತ. ಕಂಪ್ಯೂಟರ್ ನೋಡಿ, "ಹೆಸರು, ಎತ್ತರ, ತೂಕ ಎಲ್ಲ ಅವರದೇ ಅಮ್ಮ" ಅಂದ್ರು.

"ಹೆಸರು ಅವರದು. ಎದೆ ಅವರದಲ್ಲ."

ಮೊದಲು ಸಣ್ಣ ದಿಬ್ಬ, ಆಮೇಲೆ ಮುಳ್ಳು, ಎರಡರ ನಡುವಿನ ಜಾಗ ಎಲ್ಲ ಅಳತೆಯೊಳಗಿದೆ ಅಂತ ಬೆರಳಿಟ್ಟು ತೋರಿಸಿದ್ರು. ನಾನು ಬೆರಳು ನೋಡಲಿಲ್ಲ, ಮುಖ ನೋಡ್ತಿದ್ದೆ. ಮುಚ್ಚಿಡೋರ ಮುಖ ಅನ್ನಿಸ್ತು. ಅವತ್ತು ನಮ್ಮೆಜಮಾನ್ರು ಎದ್ದ ಮೇಲೆ ಇಸಿಜಿಗೆ ಮಲಗಿದ್ದು ಯಾರು ಅಂತ ಕೇಳಿದೆ. ಶಿವರುದ್ರಪ್ಪ. ನಮ್ಮೆಜಮಾನ್ರ ಜೊತೆ ಗರಡಿ ಮಣ್ಣಲ್ಲಿ ಉರುಳಿ ಬೆಳೆದೋನು, ತಮ್ಮನ ಹಂಗೆ.

ಗರಡಿಯೊಳಕ್ಕೆ ಹೆಂಗಸರು ಹೋಗಂಗಿಲ್ಲ. ಹೊಸಿಲಲ್ಲಿ ನಿಂತು ಕೂಗಿದೆ.

"ಏನತ್ತಿಗಮ್ಮ, ಗರಡಿ ಬಾಗಿಲಿಗೇ ಬಂದ್ಬುಟ್ರಿ?"

"ನಿನ್ನ ಇಸಿಜಿ ನಿಮ್ಮಣ್ಣನ ಹೆಸರಿಗೆ ಬರೆಸಿದ್ಯಾ?"

"ಅಮ್ಮನಾಣೆ ಇಲ್ಲ."

"ಆಣೆ ಬಿಟ್ಟಿ ಬರತ್ತೆ. ಅವರ ಎದೆ ಅಷ್ಟು ಜೋರಿಲ್ಲ. ನಂಗೊತ್ತು."

ಅವನು ಮೈ ಮೇಲಿನ ಮಣ್ಣು ಕೆರ್ಕೊಂಡ. "ಅತ್ತಿಗಮ್ಮ, ಡಾಕ್ಟ್ರುಗಳು, ನರ್ಸಮ್ಮಂದಿರು, ಅಷ್ಟು ಜನದ ಮುಂದೆ ಬನೀನು ಬಿಚ್ಚಬೇಕಿತ್ತು. ಅಣ್ಣನೇ ಅಂದಿದ್ದು, ತಣ್ಣಗೆ ಹೋಗಿ ಗರಡಿ ಮಾನ ಕಳೀಬೇಡ್ರೋ ಅಂತ. ವರಾಂಡದಲ್ಲಿ ಎಲ್ರೂ ಬಸ್ಕಿ ಹೊಡೆದೇ ಒಳಕ್ಕೆ ಹೋದ್ವು."

"ಯಾರೂ ಕೇಳಲಿಲ್ವಾ?"

"ಕ್ಯೂ ಜಾಸ್ತಿ ಇತ್ತು. ಮಲಗಿಸಿದ್ರು, ತಂತಿ ಹಾಕಿದ್ರು, ಎಬ್ಬಿಸಿದ್ರು."

ನಮ್ಮಪ್ಪನ ಹಿತ್ತಲು ಕಣ್ಮುಂದೆ ಬಂತು. ಆದ್ರೂ ಇವನ ಮಾತೊಂದನ್ನೇ ನಂಬಲಿಲ್ಲ. ಅಂಗಿ ಹಾಕ್ಕೋ ಅಂದು ಆಟೊ ಹತ್ತಿಸಿ ಕಾಲೇಜಿಗೆ ಎಳ್ಕೊಂಡು ಹೋದೆ. ಅದೇ ಮಾತು ಡಾಕ್ಟ್ರಮ್ಮನ ಮುಂದೆ ಹೇಳಿಸಿದೆ.

ಅವರ ಮುಖ ಇಳೀತು. "ಸ್ವಲ್ಪ ಹೊತ್ತು ಸುಮ್ಮನೆ ಮಲಗಿಸಿ ಆಮೇಲೆ ತೆಗೀಬೇಕಿತ್ತು. ಹಾಗೆ ಮಾಡಿಲ್ಲ. ತಪ್ಪು ನಮ್ಮದೂ ಇದೆ."

"ನಿಧಾನ ಇರೋದು ಕಾಯಿಲೇನಾ?"

"ಪೈಲ್ವಾನರಿಗೆ ಸಹಜ. ಕಾಯಿಲೆಯಿಂದಲೂ ನಿಧಾನ ಆಗತ್ತೆ. ಸುಮ್ಮನಿದ್ದಾಗ ತೆಗೆದಿದ್ರೆ ಯಾವುದು ಅಂತ ತಿಳೀತಿತ್ತೇನೋ. ಬಸ್ಕಿ ಹೊಡೆದರೆ ಎರಡೂ ಒಂದೇ ಥರ ಕಾಣಬಹುದು."

"ತಿಳಿದಿದ್ರೆ ಉಳೀತಿದ್ರಾ?"

"ಗೊತ್ತಿಲ್ಲಮ್ಮ."

ಅದೊಂದು ಮಾತು ನಂಬಿದೆ.

"ಇವನೂ ಬಸ್ಕಿ ಹೊಡೆದೋನೇ. ಈಗ ತೆಗೀರಿ" ಅಂದೆ. ಹೊರಗೆ ಬೆಂಚಲ್ಲಿ ಕೂರಿಸಿದ್ರು. ಅವನ ಅಂಗಿ ಚುಂಗು ಹಿಡ್ಕೊಂಡು ಪಕ್ಕ ಕೂತೆ.

"ಅತ್ತಿಗಮ್ಮ, ಒಂದಕ್ಕೆ ಹೋಗ್ಬರ್ತೀನಿ."

"ಬಸ್ಕಿಗೆ ತಾನೆ?"

"ಥೂ, ನಿಜವಾಗ್ಲೂ ಕಣ್ರೀ."

ಬಚ್ಚಲ ಬಾಗಿಲ ತನಕ ಹೋಗಿ ನಿಂತೆ. ಒಳಗೆ ಕಾಲು ಸದ್ದು ಬರತ್ತಾ ಅಂತ ಕೇಳಿಸ್ಕೊಂಡೆ. ಬರಲಿಲ್ಲ.

ಮಲಗಿದ. ಬೆವರಿಲ್ಲದ ಮೈ ನೋಡಿ ನಾಚ್ಕೊಂಡು ಗೋಡೆ ಕಡೆ ತಿರುಗಿದ. ಮಿಷನ್ನಿಂದ ಗುಲಾಬಿ ಕಾಗದ ಬಂತು. ಒಂದು ಮುಳ್ಳು. ಆಮೇಲೆ ಉದ್ದಕ್ಕೆ ಬರೀ ಗೆರೆ. ಆಮೇಲೆ ಇನ್ನೊಂದು. ಡಾಕ್ಟ್ರಮ್ಮ ಅಳತೆ ಕಡ್ಡಿ ಇಟ್ಟು ಬಹಳ ಹೊತ್ತು ನೋಡಿ, ಇವನದು ಪೈಲ್ವಾನರ ನಿಧಾನಾನೇ, ಭಯ ಇಲ್ಲ ಅಂದ್ರು. ಇನ್ನೊಂದು ಸಲ ನೋಡಿ ಅಂದೆ. ನೋಡಿದ್ರು.

"ಮಿಕ್ಕವರನ್ನೂ ಕಳಿಸಿಕೊಡಿ" ಅಂದ್ರು.

ಕಳಿಸೋದಿಲ್ಲ. ಒಬ್ಬೊಬ್ಬರನ್ನೇ ನಾನೇ ಕರ್ಕೊಂಡು ಬರ್ತೀನಿ.