ಅಣ್ಣನ ತಲೆದೆಸೆಯ ಪೆಟ್ಟಿಗೆ

ಗಂಟಲಿನ ಗಡ್ಡೆಗೆ ಚಿಕಿತ್ಸೆ ಮುಗಿಸಿ ಅಣ್ಣನನ್ನು ಮೈಸೂರಿನಿಂದ ಭೀಮನಬೀಡಿಗೆ ಕರೆತಂದಾಗ ಅವನ ಕುತ್ತಿಗೆಯ ಮುಂದೆ ಒಂದು ರಂಧ್ರವಿತ್ತು, ಅದರೊಳಗೊಂದು ಕೊಳವೆ. ಉಸಿರಾಟವೆಲ್ಲ ಅದರಲ್ಲೇ. ಮಾತಾಡಬೇಕೆಂದರೆ ಕೊಳವೆಯ ಬಾಯಿಗೆ ಬೆರಳು ಒತ್ತಿಕೊಳ್ಳಬೇಕು. ಆಗ ನಾಲ್ಕು ಮಾತಿಗಾಗುವಷ್ಟು ಪಿಸುದನಿ ಬರುತ್ತಿತ್ತು. ಅರಿಸಿನದ ಹೊಲದ ಈ ಬದುವಿನಲ್ಲಿ ನಿಂತು ಆ ಬದುವಿನವರನ್ನು ಕೂಗಿ ಕರೆಯುತ್ತಿದ್ದವನು ಅವನು.

ಕೊಳವೆಯಲ್ಲಿ ಕಫ ಕಟ್ಟಿಕೊಂಡರೆ ಉಸಿರು ಸಿಕ್ಕಿಹಾಕಿಕೊಳ್ಳುತ್ತಿತ್ತು. ಅದನ್ನು ಎಳೆದು ತೆಗೆಯಲು ಕೈಯಲ್ಲಿ ಹಿಡಿದು ಒಯ್ಯಬಹುದಾದ ಒಂದು ಮಿಷನ್ ತಂದಿದ್ದೆವು. ಸಪೂರ ನಳಿಕೆಯನ್ನು ಹೇಗೆ ಇಳಿಸಬೇಕು, ಹೇಗೆ ತಿರುಗಿಸುತ್ತ ಹೊರಗೆಳೆಯಬೇಕು ಎಂದು ಆಸ್ಪತ್ರೆಯ ನರ್ಸ್ ಅತ್ತಿಗೆಗೆ ಕಲಿಸಿಕೊಟ್ಟಿದ್ದರು. ಅತ್ತಿಗೆಯ ಕೈ ಬೇಗ ಪಳಗಿತು. ಪಳಗದೇ ಉಳಿದದ್ದು ಊರಿನ ಕರೆಂಟು.

ಒಂದು ಮಧ್ಯಾಹ್ನ ಕರೆಂಟು ಹೋಯಿತು. ಮನೆಯ ಯುಪಿಎಸ್ ಒಂದೆರಡು ಸಲ ಕೀರಲು ಸದ್ದು ಮಾಡಿ ಸುಮ್ಮನಾಯಿತು. ಅಣ್ಣನ ಎದೆಯಲ್ಲಿ ಗೊರಗೊರ ಶುರುವಾಗಿತ್ತು. ಅತ್ತಿಗೆ ದೊಡ್ಡ ಸಿರಿಂಜಿಗೆ ನಳಿಕೆ ಸಿಕ್ಕಿಸಿ, ಎಳೆದೆಳೆದು, ಹೇಗೋ ದಾರಿ ಬಿಡಿಸಿದರು. ಆ ಸಂಜೆ ನನಗೆ ಫೋನ್ ಮಾಡಿದಾಗ ಅವರ ದನಿ ಅವರದಾಗಿರಲಿಲ್ಲ.

"ಮೊಕ ನೀಲಿಗಟ್ಬುಟ್ಟಿತ್ತು ಕಣವ್ವ. ನಾನು ಮಿಷನ್ ಗುಂಡಿ ಒತ್ತೇ ಒತ್ತಿವ್ನಿ, ಅದು ಸತ್ತಂಗೆ ಕುಂತದೆ."

ನಾನು ಚಾಮರಾಜನಗರದ ಪಾಲಿಟೆಕ್ನಿಕ್‌ ಒಂದರಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುವವಳು. ಮನೆಯ ಯುಪಿಎಸ್‌ಗೆ ಹೊಸ ಬ್ಯಾಟರಿ ಹಾಕಿಸಿದೆ. ಆದರೆ ನಮ್ಮೂರಿನಲ್ಲಿ ಕೆಲವು ದಿನ ಕರೆಂಟು ತುಂಡುತುಂಡಾಗಿ ಬರುತ್ತದೆ. ಬಂದು ಹತ್ತು ನಿಮಿಷ ನಿಂತು ಹೋಗಿಬಿಡುತ್ತದೆ. ಬ್ಯಾಟರಿ ಹೊಟ್ಟೆ ತುಂಬಿಸಿಕೊಳ್ಳಲು ಗಂಟೆಗಟ್ಟಲೆ ಬೇಕು. ಅಂಥ ದಿನ ಹೊಸದೂ ಕೈಕೊಟ್ಟೀತು ಎಂಬ ಭಯ ನನ್ನನ್ನು ಬಿಡಲಿಲ್ಲ.

ಆಗ ನೆನಪಾದದ್ದು ಪಾಠದಲ್ಲಿ ಒಂದು ಪುಟಕ್ಕಷ್ಟೇ ಬಂದು ಹೋಗುವ ಸೂಪರ್ ಕೆಪಾಸಿಟರ್. ಬ್ಯಾಟರಿಯೊಳಗೆ ರಾಸಾಯನಿಕಗಳು ಬದಲಾಗಬೇಕು, ಅದಕ್ಕೆ ಹೊತ್ತು ಹಿಡಿಯುತ್ತದೆ. ಇದರೊಳಗೆ ಹಾಗಲ್ಲ. ಇದ್ದಿಲಿನಂಥ ಇಂಗಾಲದ ಲೆಕ್ಕವಿಲ್ಲದಷ್ಟು ಸಣ್ಣ ರಂಧ್ರಗಳ ಗೋಡೆಗೆ ವಿದ್ಯುತ್ತಿನ ಕಣಗಳು ಹೋಗಿ ಆತುಕೊಳ್ಳುತ್ತವೆ, ಅಷ್ಟೇ. ತುಂಬಲು ಕೆಲವೇ ನಿಮಿಷ ಸಾಕು. ಆದರೆ ಹಿಡಿಯುವುದು ಸ್ವಲ್ಪ. ಮನೆಗೆ ದೀಪ ಹಚ್ಚುತ್ತೇನೆಂದರೆ ಆಗದು. ಅಣ್ಣನಿಗೆ ಬೇಕಾದದ್ದು ಮಾತ್ರ ಅಷ್ಟೇ ಆಗಿತ್ತು, ಕಫ ಎಳೆಯುವಷ್ಟು ಹೊತ್ತು, ಒಂದೆರಡು ನಿಮಿಷ.

ಬಿಡಿಭಾಗಗಳನ್ನು ತರಿಸಿ, ಪ್ರಿನ್ಸಿಪಾಲರ ಅನುಮತಿ ಪಡೆದು, ತರಗತಿ ಮುಗಿದ ಮೇಲೆ ಲ್ಯಾಬಿನಲ್ಲಿ ಕೂತು ಜೋಡಿಸಿದೆ. ಟೀ ಡಬ್ಬಿಯಂಥ ದಪ್ಪನೆಯ ಆರು ಉರುಳೆಗಳು ಸಾಲಾಗಿ ಒಂದು ಪೆಟ್ಟಿಗೆಯಲ್ಲಿ, ಮುಂದೆ ವೋಲ್ಟೇಜ್ ತೋರಿಸುವ ಕೆಂಪಂಕಿಯ ಮೀಟರ್. ಮಿಷನ್ ಕಾರಿನ ಬ್ಯಾಟರಿಯಲ್ಲೂ ಓಡುವಂಥದ್ದಾದ್ದರಿಂದ ಕೆಲಸ ಸುಲಭವಾಯಿತು. ಶನಿವಾರ ಅದನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಊರಿಗೆ ಹೋದೆ.

ಅಣ್ಣ ಅದನ್ನು ಕೈಯಲ್ಲಿ ಎತ್ತಿ ನೋಡಿ, ಬೆರಳು ಕೊಳವೆಗಿಟ್ಟು, "ತೂಕನೇ ಇಲ್ವಲ್ಲಮ್ಮಿ," ಎಂದ.

ಪ್ಲಗ್ ತೆಗೆದು ಮಿಷನ್ ಓಡಿಸಿ ತೋರಿಸಿದೆ. ಓಡಿತು. ಜೊತೆಗೇ ಕೆಂಪಂಕಿ ಇಳಿಯತೊಡಗಿತು. ಬ್ಯಾಟರಿ ಬರಿದಾಗುವುದು ಕಣ್ಣಿಗೆ ಕಾಣುವುದಿಲ್ಲ. ಇದು ಕಣ್ಣೆದುರೇ ಇಳಿಯುತ್ತದೆ. ಅತ್ತಿಗೆ ನೋಡುತ್ತಿದ್ದವರು ಮುಖ ತಿರುಗಿಸಿಬಿಟ್ಟರು.

"ಅದ್ನ ಮುಚ್ಬುಡು ಕಣವ್ವ. ಅವರ ಉಸ್ರೇ ಇಳೀತಾ ಅದೇನೋ ಅನ್ನಂಗಾಯ್ತದೆ."

ನಾನು ಕಪ್ಪು ಟೇಪು ಹುಡುಕಿ ಅಂಕಿಯ ಮೇಲೆ ಅಂಟಿಸಲು ಹೋದೆ. ಅಣ್ಣ ನನ್ನ ಮಣಿಕಟ್ಟು ಹಿಡಿದ.

"ಮುಚ್ಬೇಡ. ನನ್ಗ ಕಾಣ್ಲಿ."

"ಯಾಕಣ್ಣ?"

"ಎಷ್ಟದೆ ಅಂತ ಗೊತ್ತಿದ್ರೆ ಹೆದ್ರಿಕೆ ಕಮ್ಮಿ."

ಮದುವೆಯಾದಾಗಿನಿಂದ ಅವರಿಬ್ಬರೂ ನನ್ನೆದುರಿಗೆ ಜಗಳವಾಡಿದ್ದನ್ನು ನಾನು ನೋಡಿರಲಿಲ್ಲ. ಅವತ್ತೂ ಜಗಳವೇನಲ್ಲ. ಅತ್ತಿಗೆ ಸೆರಗಿನಿಂದ ಕಣ್ಣೊರೆಸಿಕೊಂಡು ಅಡುಗೆಮನೆಗೆ ಹೋದರು. ಅಣ್ಣ ಗೋಡೆ ನೋಡುತ್ತ ಮಲಗಿದ. ಕೊನೆಗೆ ನಾನು ಪೆಟ್ಟಿಗೆಯನ್ನು ಅವನ ತಲೆದೆಸೆಯ ಸ್ಟೂಲಿನ ಮೇಲೆ, ಮೀಟರ್ ಅವನ ಕಡೆಗೂ ಬೆನ್ನು ಅತ್ತಿಗೆ ನಿಲ್ಲುವ ಕಡೆಗೂ ಬರುವಂತೆ ಇಟ್ಟೆ. ಆಮೇಲೆ ಅದು ಹಾಗೆಯೇ ನಡೆಯಿತು. ಅತ್ತಿಗೆ ನಳಿಕೆ ಹಿಡಿದಾಗ ಅವನು ಅಂಕಿ ನೋಡುತ್ತ, ಇನ್ನೂ ಇದೆ ಎಂಬಂತೆ ಕೈಯಲ್ಲಿ ಸನ್ನೆ ಮಾಡುತ್ತಿದ್ದ.

ಮುಂಗಾರಿಗೆ ಮೊದಲು ಒಂದು ಸಂಜೆ ಗಾಳಿಮಳೆಗೆ ಕಂಬಗಳು ಉರುಳಿದವು. ಮಾರನೆಯ ದಿನ ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ ಯುಪಿಎಸ್ ನಿಂತು, ಪೆಟ್ಟಿಗೆಯೂ ಬರಿದಾಗುತ್ತ ಬಂದಿತ್ತು. ಲೈನ್ ಸರಿಯಾಗುವುದು ಸಂಜೆಯೇ ಎಂದರು. ಗಾಡಿಯ ಬ್ಯಾಟರಿಯಿಂದ ತುಂಬಿಸಲೆಂದು ಒಂದು ಹೆಡ್‌ಲೈಟ್ ಬಲ್ಬು ಸೇರಿಸಿದ ವಯರನ್ನು ನಾನು ಮೊದಲೇ ಮಾಡಿಟ್ಟಿದ್ದೆ. ಪೆಟ್ಟಿಗೆ ತುಂಬುತ್ತ ಬಂದಂತೆ ಬಲ್ಬು ಮಂಕಾಗುತ್ತದೆ. ಬೀದಿಯಲ್ಲಿ ನಿಂತು, ಗುಂಡ್ಲುಪೇಟೆ ಮಾರ್ಕೆಟ್ಟಿಗೆ ಟೊಮ್ಯಾಟೊ ಹೇರಿಕೊಂಡು ಹೊರಟಿದ್ದ ಪಕ್ಕದ ಮನೆಯವರ ಗೂಡ್ಸ್ ಆಟೋಗೆ ಕೈ ಅಡ್ಡ ಹಿಡಿದೆ.

"ಎಷ್ಟೊತ್ತು ನಿಲ್ಬೇಕವ್ವ?"

"ಒಂದೈದು ನಿಮಿಷ."

"ಅಷ್ಟೇಯ? ತಕ್ಕೊ ತಕ್ಕೊ."

ಇಂಜಿನ್ ನಿಲ್ಲಿಸದೆ ಕಾದರು. ಬಲ್ಬು ಮಂಕಾದ ಮೇಲೆ ಹೊರಟರು. ದಾರಿಯಲ್ಲಿ ಅವರು ಹೇಳಿರಬೇಕು. ಆಮೇಲೆ ಹಾಲಿನ ಗಾಡಿ ತಾನಾಗಿ ಬಂದು ಬಾಗಿಲಲ್ಲಿ ನಿಂತಿತು. ಉಳುಮೆಗೆ ಹೊರಟಿದ್ದ ಟ್ರ್ಯಾಕ್ಟರ್ ನಿಂತಿತು. ಕೆಲಸದ ದಿನ ಗಾಡಿಯನ್ನೇ ಬಿಟ್ಟುಹೋಗಲು ಯಾರಿಗೂ ಆಗುತ್ತಿರಲಿಲ್ಲ. ಐದು ನಿಮಿಷ ನಿಲ್ಲುವುದು ಎಲ್ಲರಿಗೂ ಆಗುತ್ತಿತ್ತು. ಬೈಕಿನವರು ಕೂಡ ಹಾರ್ನ್ ಮಾಡಿ, "ಬೇಕೇನಕ್ಕ?" ಎಂದು ಕೇಳಿ ಹೋಗುತ್ತಿದ್ದರು. ಪ್ರತಿ ಸಲ ಇಂಜಿನ್ನಿನ ಸದ್ದು ಬಾಗಿಲಿಗೆ ಬಂದಾಗ ಅಣ್ಣ ಕಿಟಕಿಯ ಕಡೆ ತಿರುಗುತ್ತಿದ್ದ. ಯಾರದೆಂದು ಸದ್ದಿನಲ್ಲೇ ಗುರುತಿಸಿ, ಮುಗುಳ್ನಗುತ್ತ ನನಗೆ ಪಿಸುದನಿಯಲ್ಲಿ ಹೇಳುತ್ತಿದ್ದ. ಅಷ್ಟು ದಿನದಲ್ಲಿ ಅವನ ಮುಖ ಅರಳಿದ್ದನ್ನು ನಾನು ಕಂಡದ್ದು ಅವತ್ತೇ. ಹೊತ್ತು ಮುಳುಗುವಾಗ ಕರೆಂಟು ಬಂತು.

ಅರಿಸಿನ ಕೀಳುವ ಕಾಲಕ್ಕೆ ಗಡ್ಡೆ ಮತ್ತೆ ಬೆಳೆಯಿತು. ಡಾಕ್ಟರು ಇನ್ನೇನೂ ಮಾಡುವಂತಿಲ್ಲ ಎಂದರು. ಒಂದು ಬೆಳಿಗ್ಗೆ ಅಣ್ಣ ಹೋದ. ಆಗ ಕರೆಂಟು ಇತ್ತು, ಮಿಷನ್ ಓಡುತ್ತಿತ್ತು, ಅತ್ತಿಗೆಯ ಕೈ ಎಲ್ಲವನ್ನೂ ಸರಿಯಾಗಿಯೇ ಮಾಡುತ್ತಿತ್ತು. ನಾನು ಮಾಡಿದ ಪೆಟ್ಟಿಗೆ ಅವನನ್ನು ಉಳಿಸಲಿಲ್ಲ. ಅದು ಉಳಿಸುವಂಥದ್ದೂ ಆಗಿರಲಿಲ್ಲ. ಕರೆಂಟು ಹೋದಾಗಲೆಲ್ಲ ಆ ಮನೆಯಲ್ಲಿ ಹುಟ್ಟುತ್ತಿದ್ದ ದಿಗಿಲನ್ನಷ್ಟೇ ಅದು ತಗ್ಗಿಸಿತ್ತು.

ತಿಥಿಯೆಲ್ಲ ಕಳೆದ ಮೇಲೆ, ಹತ್ತಿರದ ಊರು ಹಂಗಳದಲ್ಲೊಬ್ಬರಿಗೆ ಇಂಥದೇ ಕೊಳವೆ ಹಾಕಿದ್ದಾರೆಂದು ಆ ಭಾಗದ ಆಶಾ ಕಾರ್ಯಕರ್ತೆ ಹೇಳಿಕಳಿಸಿದರು. ಪೆಟ್ಟಿಗೆಯನ್ನೂ ಮಿಷನ್ನನ್ನೂ ನಾನೊಬ್ಬಳೇ ಹೋಗಿ ಕೊಟ್ಟುಬರುತ್ತೇನೆಂದೆ.

"ನಿನ್ಗ ವಯರ್ ಗೊತ್ತು. ನಳಿಕೆ ಇಳ್ಸೋದು ಗೊತ್ತಾ?" ಎಂದು ಅತ್ತಿಗೆ ಎದ್ದು ಸೀರೆ ಬದಲಿಸಿದರು. ಅಣ್ಣ ಹೋದ ಮೇಲೆ ಅವರು ಹೊಸ್ತಿಲು ದಾಟಿದ್ದು ಅದೇ ಮೊದಲು.

ಹಂಗಳದ ಆ ಮನೆಯಲ್ಲಿ ಕೊಳವೆ ಇದ್ದದ್ದು ಹೆಂಡತಿಗೆ. ನೋಡಿಕೊಳ್ಳುತ್ತಿದ್ದವನು ಗಂಡ, ಕೂಲಿ ಕೆಲಸದವನು. ನಾನು ಪೆಟ್ಟಿಗೆಯ ವಿಷಯ ಹೇಳಿ ಮುಗಿಸಿದೆ. ಅತ್ತಿಗೆ ಕೈ ತೊಳೆದುಕೊಂಡು ಆ ಹೆಂಗಸಿನ ಪಕ್ಕ ಮಂಚದ ಮೇಲೆ ಕೂತರು.

"ಹೆದ್ರಬೇಡ ಕಣವ್ವ. ಅಣ್ಣೋ, ನೀನೂ ಇತ್ಲಾಗಿ ಬಾ. ಇಳ್ಸುವಾಗ ಕಫ ಎಳೀಬಾರ್ದು. ಮೇಲಕ್ಕೆ ತೆಗಿಯುವಾಗ್ಲೇ ಎಳೀಬೇಕು. ನನ್ ಕೈ ನೋಡು."

ಆ ಗಂಡನ ಒರಟು ಬೆರಳುಗಳ ಮೇಲೆ ತಮ್ಮ ಬೆರಳಿಟ್ಟು ಅತ್ತಿಗೆ ನಿಧಾನವಾಗಿ ತೋರಿಸಿಕೊಟ್ಟರು. ಅವನಿಗೆ ಬರುವವರೆಗೂ ಮತ್ತೆ ಮತ್ತೆ ತೋರಿಸಿದರು. ನಾನು ಬಾಗಿಲ ಬಳಿ ನಿಂತಿದ್ದೆ. ಬಸ್ಸಿನ ಹೊತ್ತಾಯಿತು ಎಂದು ಹೇಳಲು ನನಗೆ ಮನಸ್ಸು ಬರಲಿಲ್ಲ.